ಕೊಟ್ರಪ್ಪ ಭಾವನ ಭಾರ

ಭಾವ ತೀರಿಕೊಂಡ ಸುದ್ದಿ ನಮಗೆ ಗೊತ್ತಾದದ್ದು ಅವನ ಚಪ್ಪಲಿಯಿಂದ. ಬೆಳಗಿನ ಪೂಜೆ ಮುಗಿಸಿದ್ದೆ, ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ, ಆಗ ಪಕ್ಕದ ಮನೆಯಿಂದ ಅಕ್ಕ ಕೂಗಿದಳು. "ಮರುಳಾ, ಒಂದು ಗಳಿಗೆ ಬಂದು ಹೋಗೋ." ನಾನು ಹೋದೆ. ಅಕ್ಕ ನೀಲಮ್ಮ ಜಗುಲಿಯ ಮುಂದೆ ಪೊರಕೆ ಹಿಡಿದು ನಿಂತಿದ್ದಳು. ಭಾವನ ಹಳೆಯ ಚಪ್ಪಲಿಗಳು ಬಾಗಿಲ ಬದಿಯಲ್ಲಿದ್ದವು. ಹೊಸ ಜೊತೆ ಮೆಟ್ಟಿಕೊಂಡು ಅವನು ಹಿಂದಿನ ದಿನವೇ ಪರಸ್ಥಳಕ್ಕೆ ಹೋಗಿದ್ದ.

"ಗುಡಿಸೋಣ ಅಂತ ಇವನ್ನ ಸರಿಸೋಕೆ ಹೋದೆ," ಅಂದಳು. "ಸರೀತಿಲ್ಲ. ನೀನೊಂದು ಸಲ ಎತ್ತಿ ನೋಡು."

ನಾನು ಬಗ್ಗಿ ಎಡಗಾಲಿನದನ್ನು ಹಿಡಿದು ಎಳೆದೆ. ಬಾವಿಕಟ್ಟೆಯ ಕಲ್ಲನ್ನು ಎಳೆದಂತಾಯಿತು. ಬಲಗಾಲಿನದು ಕೊಂಚ ಅಲುಗಿತು, ಅಷ್ಟೆ. ನಾನು ಅಕ್ಕನ ಮುಖ ನೋಡಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಅವಳು ಜಗುಲಿಯ ಮೇಲೆ ಕುಳಿತಳು. ನಾನೂ ಕುಳಿತೆ. ಎದುರುಮನೆಯವರು ನಾವು ಚಪ್ಪಲಿ ಎಳೆಯುವುದನ್ನು ಕಿಟಕಿಯಿಂದ ನೋಡಿ, ಏನೂ ಕೇಳದೆ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಕಾರ್ಖಾನೆಯಿಂದ, ಭಾವನ ಜೊತೆಗೆ ಹೋಗಿದ್ದ ಷಡಕ್ಷರಪ್ಪನವರ ಫೋನು ಬಂದದ್ದು ಕಾಫಿ ಕುಡಿದಾದ ಮೇಲೆ. ಅವರು "ಕೊಟ್ರಪ್ಪನಿಗೆ ಸ್ವಲ್ಪ ಹುಷಾರಿಲ್ಲ" ಎಂದು ಶುರುಮಾಡಿದರು.

"ಚಪ್ಪಲಿ ಭಾರವಾಗಿದೆ, ಷಡಕ್ಷರಪ್ಪನವರೇ. ವಿಷಯ ಹೇಳಿ," ಎಂದೆ.

ಆಗ ಹೇಳಿದರು. ಕೊಟ್ರಪ್ಪ ಭಾವ ಕಾರ್ಖಾನೆಯ ಅಂಗಳದಲ್ಲಿ ನಿಂತಿದ್ದ ನಮ್ಮ ರೈಲಿನ ಹಳೆಯ ಡೀಸೆಲ್ ಎಂಜಿನ್ನನ್ನು ಹತ್ತಿ, ತನ್ನ ಹಳೆಯ ಸೀಟಿನಲ್ಲಿ ಕುಳಿತು, ಒಂದು ಟೀ ಸಿಕ್ಕೀತೇ ಎಂದು ಕೇಳಿದನಂತೆ. ಟೀ ಬರುವ ಹೊತ್ತಿಗೆ ಅವನು ಇರಲಿಲ್ಲ. "ಮುಖ ನಗುನಗುತ್ತಾ ಇತ್ತು ಮರುಳಣ್ಣ," ಅಂದರು ಷಡಕ್ಷರಪ್ಪ. ಟೀ ಯಾರು ಕುಡಿದರು ಎಂದು ನಾನು ಕೇಳಲಿಲ್ಲ. ಷಡಕ್ಷರಪ್ಪನವರು ಏನನ್ನೂ ಹಾಳುಮಾಡುವವರಲ್ಲ.

ನಮ್ಮೂರಿನಲ್ಲಿ ಹೀಗೆಯೇ. ಮನುಷ್ಯ ಹೋದರೂ ಅವನ ಭಾರ ಹೋಗುವುದಿಲ್ಲ. ಅವನು ಪ್ರೀತಿಯಿಟ್ಟಿದ್ದ ವಸ್ತುಗಳ ಮೇಲೆ ಹಂಚಿಕೊಂಡು ಕುಳಿತುಬಿಡುತ್ತದೆ. ನಮ್ಮ ಬಡಗಿಗಳು ಮಂಚಕ್ಕೆ ನಡುವೆ ಒಂದು ಹೆಚ್ಚಿನ ಕಾಲು ಕೊಡುವುದು ಇದಕ್ಕಾಗಿಯೇ. ಹಿರಿಯರಿರುವ ಮನೆಯಲ್ಲಿ ಗಾಜಿನ ಸಾಮಾನನ್ನು ಯಾರೂ ಮೇಲಿನ ಹಲಗೆಯಲ್ಲಿ ಇಡುವುದಿಲ್ಲ. ಭಾರ ಎಲ್ಲೆಲ್ಲಿ ಬಿತ್ತು ಎಂದು ನೋಡಿದರೆ ಹೋದವರ ಮನಸ್ಸು ಎಲ್ಲೆಲ್ಲಿತ್ತು ಎಂದು ತಿಳಿದುಹೋಗುತ್ತದೆ, ಅದರಿಂದ ಕೆಲವು ಮನೆಗಳಲ್ಲಿ ಮನಸ್ತಾಪವೂ ಆಗಿದೆ. ದನದಾಸ್ಪತ್ರೆಯ ಕಾಂಪೌಂಡರ್ ತೀರಿಕೊಂಡಾಗ ಅವರ ಭಾರ ಪೂರ್ತಿ ನೆರೆಮನೆಯ ಜೋಕಾಲಿಯ ಮೇಲೆ ಬಿತ್ತು. ಅವರ ಹೆಂಡತಿ ಬಹಳ ದಿನ ಮಾತು ಬಿಟ್ಟಿದ್ದರು. ಯಾರ ಜೊತೆ ಬಿಟ್ಟಿದ್ದಾರೆಂಬುದು ಅವರಿಗೇ ಸ್ಪಷ್ಟವಿರಲಿಲ್ಲ.

ಈ ಭಾರವನ್ನು ಇಳಿಸುವುದಕ್ಕೆ ಒಂದು ಶಾಸ್ತ್ರವಿದೆ. ಹೋದವರನ್ನು ಬಲ್ಲವರು ಎಲ್ಲರೆದುರು ನಿಂತು ಅವರನ್ನು ಗೇಲಿ ಮಾಡಬೇಕು. ಸುಳ್ಳು ಹೇಳುವಂತಿಲ್ಲ. ಕೇಳಿದವರು ನಗಬೇಕು, ಹೇಳುವವನೂ ನಗಬೇಕು. ಹೊಗಳಿದರೆ ಭಾರ ಹೆಚ್ಚುತ್ತದೆ. ಆದ್ದರಿಂದ ನಮ್ಮೂರಿನಲ್ಲಿ ಸಂತಾಪ ಸಭೆ ಎಂಬುದಿಲ್ಲ; ಹೊರಗಿನಿಂದ ಬಂದವರು ನಮ್ಮನ್ನು ಎದೆಯಿಲ್ಲದ ಜನ ಎಂದುಕೊಂಡು ಹೋಗುತ್ತಾರೆ. ಮನೆಯೊಳಗಿನ ಸಾಮಾನಿನ ಭಾರವನ್ನು ಹೆಂಡತಿ ಮಕ್ಕಳು ಇಳಿಸಬಹುದು. ಮನೆಯ ಹೊರಗಿನದೆಲ್ಲ ಹೆಂಡತಿಯ ಅಣ್ಣತಮ್ಮಂದಿರ ಪಾಲಿಗೆ ಬರುತ್ತದೆ. ಭಾವನನ್ನು ಗೇಲಿ ಮಾಡುವ ಹಕ್ಕು ಬದುಕಿರುವಾಗಲೂ ಭಾವಮೈದುನನದೇ ಅಲ್ಲವೇ.

ಕೊಟ್ರಪ್ಪ ಭಾವನಿಗೆ ಇದ್ದ ಒಬ್ಬನೇ ಭಾವಮೈದುನ ನಾನು. ಅಷ್ಟೇ ಅಲ್ಲ, ಅವನು ಡ್ರೈವರ್ ಆಗಿದ್ದ ರೈಲಿಗೆ ನಾನು ಗಾರ್ಡ್. ಗಣಿಯಿಂದ ಸಂತೆಪೇಟೆಗೆ ನಮ್ಮೂರಿನ ಮೇಲೆ ಹಾದುಹೋಗುವ ಸಣ್ಣ ಹಳಿಯ ರೈಲು ಅದು. ಎತ್ತಿನ ಗಾಡಿಗಿಂತ ಕೊಂಚ ಬೇಗ, ಸೈಕಲ್ಲಿಗಿಂತ ಕೊಂಚ ನಿಧಾನ. ಅವನು ಮುಂದಿನ ತುದಿಯಲ್ಲಿ, ನಾನು ಹಿಂದಿನ ತುದಿಯಲ್ಲಿ. ನಮ್ಮ ಆಯುಷ್ಯದ ಬಹುಭಾಗದ ಮಾತುಕತೆ ನಡೆದದ್ದು ಬಾವುಟ ಮತ್ತು ಸೀಟಿಯಲ್ಲಿ. ನಾವು ಓರಗೆಯವರು. ನಾನು ಹಸಿರು ಬಾವುಟ ತೋರಿಸುವವರೆಗೆ ಅವನು ಎಂಜಿನ್ ಬಿಡುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ನನ್ನ ಕಡೆ ತಿರುಗಿ, "ಗಾರ್ಡ್ ಸಾಹೇಬರು ಬಾವುಟ ತೋರಿಸಿದರೆ ತುತ್ತು ಎತ್ತಬಹುದು," ಎನ್ನುತ್ತಿದ್ದ.

ಎಂಜಿನ್ನಿನ ಹೆಸರು ಕೆಂಪಿ. ಇಟ್ಟಿಗೆಯ ಬಣ್ಣ, ಅಗಲ ಮೂತಿ, ನಿಧಾನ ಸ್ವಭಾವ. ಗಣಿ ಮುಚ್ಚಿದ ಮೇಲೆ ಕಂಪನಿಯವರು ಅವಳನ್ನು ಸಕ್ಕರೆ ಕಾರ್ಖಾನೆಗೆ ಮಾರಿದರು. ಅಲ್ಲಿ ನೀಲಿ ಬಣ್ಣ ಬಳಿದು ಕಬ್ಬು ಎಳೆಸಿದರು. ಹಳಿ ಮಾತ್ರ ನಮ್ಮಲ್ಲಿ ಉಳಿಯಿತು. ಜನ ಅದರ ಮೇಲೆ ಮೆಣಸಿನಕಾಯಿ ಒಣಹಾಕಿದರು. ಹಲವು ವರ್ಷಗಳಾದ ಮೇಲೆ ಪ್ರವಾಸೋದ್ಯಮದವರಿಗೆ ನಮ್ಮ ನೆನಪಾಯಿತು. ಹಳೆಯ ಬೋಗಿ, ಹಳೆಯ ಎಂಜಿನ್, ಹಳೆಯ ಸ್ಟೇಷನ್ನು, ಇವನ್ನು ನೋಡುವುದಕ್ಕೆಂದೇ ಜನ ಟಿಕೆಟ್ ಕೊಂಡು ಬರುತ್ತಾರಂತೆ. ನಾವು ದಿನವೂ ನೋಡುತ್ತಿದ್ದರೂ ನಮಗೆ ಹೊಳೆದಿರಲಿಲ್ಲ. ಅಧಿಕಾರಿಣಿ ಸುಜಯಾ ಮೇಡಂ ಬಂದು ಊರಿನವರ ಸಮಿತಿ ಮಾಡಿದರು. ಅಕ್ಕಿ ವ್ಯಾಪಾರಿ ಷಡಕ್ಷರಪ್ಪನವರು ಅಧ್ಯಕ್ಷರಾದರು. ಕೆಂಪಿಯನ್ನು ವಾಪಸು ತರುವುದೆಂದು ತೀರ್ಮಾನವಾಯಿತು. ಭಾವ ಆ ಸುದ್ದಿ ಕೇಳಿದ ದಿನದಿಂದ ಮೀಸೆಗೆ ಎಣ್ಣೆ ಹಚ್ಚಲು ಶುರುಮಾಡಿದ. ಅವಳನ್ನು ನೋಡಲು ಮೊದಲು ತಾನೇ ಹೋಗಬೇಕೆಂದು ಹಟ ಹಿಡಿದು ಹೋದ. ಹೋದವನು ಹೀಗೆ ಹೋದ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ತನ್ನ ಪಾಲಿನದನ್ನು ಬೇಗ ಮುಗಿಸಿದಳು. ಚಳಿಗಾಲದಲ್ಲಿ ಸ್ನಾನದ ಮನೆಗೆ ಹೋಗಿ, ನೀರನ್ನು ಕಲ್ಲಿನ ಮೇಲೆ ಸುರಿದು, ಟವೆಲ್ಲು ಮಾತ್ರ ಒದ್ದೆ ಮಾಡಿಕೊಂಡು ಭಾವ ಹೊರಗೆ ಬರುತ್ತಿದ್ದುದನ್ನು ಅವಳು ಹೇಳಿದಾಗ ನೆಂಟರೆಲ್ಲ ನಕ್ಕರು. ತಾಮ್ರದ ಚೊಂಬು ಹಗುರಾಯಿತು, ಚಪ್ಪಲಿಗಳು ಕಿತ್ತು ಬಂದವು. ಹೇಳುವಾಗ ಅವಳ ಕಣ್ಣಿನಿಂದ ನೀರೂ ಬರುತ್ತಿತ್ತು. ಶಾಸ್ತ್ರದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಶಿವಗಣಾರಾಧನೆಯ ದಿನ ನನ್ನ ಸರದಿ ಬಂತು. ಪಂಕ್ತಿ ಏಳುವ ಮುಂಚೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. "ನಮ್ಮ ಭಾವ ದೇವರಂಥ ಮನುಷ್ಯ," ಎಂದುಬಿಟ್ಟೆ. ಅಟ್ಟದ ಮೇಲೆ ಏನೋ ಲಟಕ್ಕೆಂದಿತು. ಭಾವನ ಹಳೆಯ ಟ್ರಂಕು ಹಲಗೆ ಮುರಿದುಕೊಂಡು ಅರ್ಧ ಕೆಳಗಿಳಿದಿತ್ತು.

"ಇನ್ನೊಂದು ಸಲ ದೇವರು ಅಂದರೆ ಮನೆಯೇ ಕುಸಿದು ಕೂರುತ್ತೆ," ಅಂದಳು ಅಕ್ಕ. "ಊಟ ಮಾಡು, ಆಮೇಲೆ ನೋಡೋಣ."

ಆಮೇಲೆ ನೋಡಲಿಲ್ಲ. ಟ್ರಂಕನ್ನು ಅವಳೇ ಬೈದು ಇಳಿಸಿದಳು. ನಾನು ದಿನ ತಳ್ಳಿದೆ. ಶಿವನ ಪಾದ ಸೇರಿದವನನ್ನು ಗೇಲಿ ಮಾಡಲು ನನ್ನ ನಾಲಿಗೆ ಏಳುವುದಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿದೆ. ಪೂಜೆ ಮಾಡುವ ಮುದುಕ ಹಾಗೆಂದರೆ ಯಾರೂ ಎದುರು ಮಾತಾಡುವುದಿಲ್ಲ. ನಿಜವಾದ ಕಾರಣ ಸ್ಟೇಷನ್ನಿನ ಬೆಂಚು. ಅದರ ಕಾಲುಗಳು ಎರಡೂ ತುದಿಯಿಂದ ಬಹಳ ಒಳಗಿವೆ. ಒಬ್ಬನೇ ತುದಿಗೆ ಕುಳಿತರೆ ಬೆಂಚು ಎದ್ದು ಅವನನ್ನು ನೆಲಕ್ಕೆ ಜಾರಿಸುತ್ತದೆ. ಇಬ್ಬರು ಕುಳಿತರೆ ಸಮವಾಗಿ ನಿಲ್ಲುತ್ತದೆ. ನಿವೃತ್ತಿಯಾದ ಮೇಲೆ ಪ್ರತಿ ಸಂಜೆ ಅವನು ಬಲತುದಿ, ನಾನು ಎಡತುದಿ. ಅವನು ಹೋದ ಮೇಲೂ ನಾನು ಎಡತುದಿಯಲ್ಲಿ ಕುಳಿತೆ, ಬೆಂಚು ಅಲುಗಲಿಲ್ಲ. ಆ ತುದಿಯಲ್ಲಿ ಅವನ ಭಾರ ಹಾಗೇ ಇತ್ತು. ನಾನು ಊರಿನ ಸುದ್ದಿ ಹೇಳುತ್ತಿದ್ದೆ, ಬಿಸಿಲು ಇಳಿಯುತ್ತಿತ್ತು. ಒಂದು ಸಲ ಇಳಿಸಿದೆನೆಂದರೆ ಮನೆಯ ಹೊರಗಿನದೆಲ್ಲ ಒಟ್ಟಿಗೇ ಇಳಿದುಹೋಗುತ್ತದೆ. ಯಾರಿಗೂ ಅಡ್ಡಬಾರದ ಒಂದು ಬೆಂಚು, ಇರಲಿ ಬಿಡಿ ಎಂದು ನನ್ನ ಲೆಕ್ಕ.

ಕೆಂಪಿಯನ್ನು ಲಾರಿಯ ಮೇಲೆ ತಂದ ದಿನ ನನ್ನ ಲೆಕ್ಕ ತಪ್ಪಿತು. ಊರ ಬಾಗಿಲವರೆಗೆ ಲಾರಿ ಸರಾಗವಾಗಿ ಬಂತಂತೆ. ಬಾಗಿಲು ದಾಟಿದ್ದೇ ಟೈರುಗಳು ನೆಲಕ್ಕೆ ಅಂಟಿಕೊಂಡವು. ಉಸಿರು ಬಿಡುತ್ತಾ ಹೇಗೋ ಸ್ಟೇಷನ್ನು ತಲುಪಿತು. ಹೆಂಗಸರು ಕೆಂಪಿಯ ಮೂತಿಗೆ ಕುಂಕುಮ ಹಚ್ಚಿದರು. ಕ್ರೇನಿನವನು ಅವಳನ್ನು ಎತ್ತಿ ಹಳಿಯ ಮೇಲೆ ಇಡುವಷ್ಟರಲ್ಲಿ ಬೆವೆತುಹೋದ.

"ಕಾರ್ಖಾನೆಯಲ್ಲಿ ಎತ್ತಿದಾಗ ಇಷ್ಟಿರಲಿಲ್ಲ ಸ್ವಾಮಿ," ಅಂದ. "ದಾರಿಯಲ್ಲಿ ಏನಾದರೂ ತಿಂದಳೋ ಹೇಗೆ?"

ನೆರೆದ ಜನ ಕೆಂಪಿಯನ್ನು ಬಿಟ್ಟು ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

ಕೆಂಪಿಯ ಜೊತೆ ಕಾರ್ಖಾನೆಯಿಂದ ಗೌಸ್ ಎಂಬ ಡ್ರೈವರ್ ಬಂದಿದ್ದ, ಸಂಕೋಚದ, ಹುಡುಗಾಟವಿಲ್ಲದ ನಡುವಯಸ್ಸಿನ ಮನುಷ್ಯ. ಅವಳಿಗೆ ಹಳೆಯ ಇಟ್ಟಿಗೆ ಬಣ್ಣವನ್ನೇ ಬಳಿಸಿ ಒಂದು ಬೆಳಿಗ್ಗೆ ಚಾಲೂ ಮಾಡಿದ. ಎಂಜಿನ್ ಹಳೆಯ ದನಿಯಲ್ಲೇ ಗುಡುಗಿತು. ಹೊಗೆ ಬಂತು, ಹಾರ್ನ್ ಕೂಗಿತು, ಚಕ್ರ ಮಾತ್ರ ತಿರುಗಲಿಲ್ಲ. ಮೇಡಂ ದೊಡ್ಡ ಊರಿನಿಂದ ಮೆಕ್ಯಾನಿಕ್ಕುಗಳನ್ನು ಕರೆಸಿದರು. ಅವರು ಬಿಚ್ಚಿ ನೋಡಿ, ಜೋಡಿಸಿ ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಊಟ ಮಾಡಿ ಹೋದರು. ಟಿಕೆಟ್ ಕೊಡುವ ಹುಡುಗಿಯಿಂದ ಹಿಡಿದು ಹೂವಿನವಳವರೆಗೆ ಎಲ್ಲರೂ ಮೇಡಂಗೆ ಒಂದೇ ಮಾತು ಹೇಳಿದರು: ಕೊಟ್ರಪ್ಪನವರ ಭಾರ ಇಳಿದಿಲ್ಲ. ಮೇಡಂ ಒಳ್ಳೆಯ ಹೆಣ್ಣುಮಗಳು. ನಮ್ಮ ಮಾತನ್ನು ಅವರು ಮನಸ್ಸಿಟ್ಟು ಕೇಳಿದರು, ತಮ್ಮೂರಿನ ರೀತಿಯಲ್ಲಿ ಅರ್ಥಮಾಡಿಕೊಂಡರು.

"ನಿಮ್ಮ ಭಾವನೆ ನನಗೆ ಅರ್ಥವಾಗುತ್ತೆ ಯಜಮಾನ್ರೇ," ಎಂದು ನನ್ನ ಕೈ ಹಿಡಿದು ಹೇಳಿದರು. "ಅವರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಉದ್ಘಾಟನೆಯ ದಿನ ಅವರ ದೊಡ್ಡ ಫೋಟೋ ಇಡಿಸ್ತೀನಿ. ರೈಲಿಗೆ ಅವರ ಹೆಸರೇ ಇಡೋಣ. ಗಣ್ಯರು ಮಾತಾಡ್ತಾರೆ."

"ಮಾತು ಬೇಡ ಮೇಡಂ," ಎಂದೆ.

"ನೀವು ತುಂಬ ಸರಳ ಜನ," ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಆ ಸಂಜೆ ಷಡಕ್ಷರಪ್ಪನವರು ಬೆಂಚಿನ ಹತ್ತಿರ ಬಂದು ನಿಂತರು. ಕುಳಿತುಕೊಳ್ಳಿ ಎಂದು ನಾನು ಅನ್ನಲಿಲ್ಲ, ಜಾಗ ಖಾಲಿಯಿರಲಿಲ್ಲವಲ್ಲ. "ಮರುಳಣ್ಣ, ಉದ್ಘಾಟನೆಯ ದಿನವೂ ಕೆಂಪಿ ಓಡದಿದ್ದರೆ ಮುಗೀತು. ಹಳಿ ಕಿತ್ತು ರಸ್ತೆ ಮಾಡ್ತಾರೆ. ಮೇಡಂ ಕೈಯಲ್ಲೂ ಏನೂ ಉಳಿಯಲ್ಲ. ಎರಡು ಮಾತು ಗೇಲಿ ಮಾಡಿಬಿಡು. ನನ್ನ ಭಾವಮೈದುನ ನಾನು ಬದುಕಿದ್ದಾಗಲೇ ದಿನಾ ಮಾಡ್ತಾನೆ, ಏನು ಕಷ್ಟ ಅದು?"

"ನನ್ನ ಭಾವ ಅಂಥವನಲ್ಲ. ಅವನಲ್ಲಿ ಗೇಲಿ ಮಾಡುವಂಥದ್ದು ಏನಿತ್ತು?" ಎಂದೆ. ಬೆಂಚಿನ ಬಲತುದಿ ಕಿರ್ರೆಂದು ಇನ್ನಷ್ಟು ತಗ್ಗಿತು. ನಾನು ಅಂಗೈ ಅಗಲದಷ್ಟು ಮೇಲೆದ್ದೆ. ಷಡಕ್ಷರಪ್ಪ ಅದನ್ನು ನೋಡಿ, ಕೊಡೆ ಊರಿಕೊಂಡು ಹೊರಟುಹೋದರು.

ಮರುದಿನ ಅಕ್ಕ ಬಂದಳು. ರೊಟ್ಟಿ ಬುತ್ತಿ ತಂದಿದ್ದಳು. ಬುತ್ತಿಯನ್ನು ಬೆಂಚಿನ ನಡುವೆ ಇಟ್ಟು, ನೆಲದ ಮೇಲೆ ಕಾಲು ಚಾಚಿ ಕುಳಿತಳು.

"ನೀನು ಯಾಕೆ ಇಳಿಸ್ತಿಲ್ಲ ಅಂತ ನನಗೆ ಗೊತ್ತು," ಅಂದಳು. "ಊರಿನವರಿಗೆ ಭಕ್ತಿ ಅಂತ ಹೇಳ್ಕೊಂಡು ತಿರುಗಾಡ್ತಿದ್ದೀಯ. ಇದು ಭಕ್ತಿ ಅಲ್ಲ ಕಣೋ, ಜಿಪುಣತನ. ಚಿಕ್ಕೋನಿದ್ದಾಗ ಬೆಲ್ಲದ ಉಂಡೆ ಬಾಯಲ್ಲಿಟ್ಕೊಂಡು ಅಗಿಯದೆ ಮುಸ್ಸಂಜೆ ತನಕ ಇರ್ತಿದ್ದೆ. ಅದೇ ಬುದ್ಧಿ."

"ನಿನಗೆ ಬೇಡವಾ ಅಕ್ಕ? ಒಂದು ತುದಿಯಾದರೂ ಇರಲಿ ಅಂತ ಅನಿಸಲ್ವಾ?"

ಅವಳು ರೊಟ್ಟಿ ಮುರಿದು ನನ್ನ ಕೈಗಿಟ್ಟಳು. "ನನಗೂ ಬೇಕು. ಚೊಂಬು ಹಗುರಾದ ದಿನ ನಾನು ಅದನ್ನ ಎತ್ತಿ ಎತ್ತಿ ನೋಡಿದೆ, ಗೊತ್ತಾ? ಆದರೆ ನೀನು ಒಂದು ಯೋಚನೆ ಮಾಡು. ನಿಮ್ಮ ಭಾವ ಹುಟ್ಟಾ ಡ್ರೈವರ್ರು. ಗಾರ್ಡ್ ಬಾವುಟ ತೋರಿಸದೆ ಒಂದು ಅಡಿ ಮುಂದಕ್ಕೆ ಹೋದೋರಲ್ಲ. ಈಗ ಅವರು ಎಲ್ಲೋ ನಡುದಾರಿಯಲ್ಲಿ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡ್ತಾ ನಿಂತಿರ್ತಾರೆ. ನೀನು ಬಾವುಟ ಮಡಿಸಿ ಕಂಕುಳಲ್ಲಿ ಇಟ್ಕೊಂಡು ಇಲ್ಲಿ ರೊಟ್ಟಿ ತಿಂತಿದ್ದೀಯ."

ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೇ ಇಟ್ಟೆ. ಅವಳು ನೀರಿನ ಬಾಟಲಿ ಕೊಟ್ಟಳು. ಆಮೇಲೆ ನಾವು ಬೇರೆ ಮಾತಾಡಿದೆವು, ಬೇಳೆಯ ಬಗ್ಗೆ, ಅವಳ ಮಂಡಿನೋವಿನ ಬಗ್ಗೆ.

ಉದ್ಘಾಟನೆಯ ದಿನ ಸ್ಟೇಷನ್ನು ಗುರುತು ಸಿಗದಂತಾಗಿತ್ತು. ಬಾಳೆಕಂದು, ಮಾವಿನ ತೋರಣ, ಶಾಮಿಯಾನ. ದೂರದ ಊರುಗಳಿಂದ ಜನ ಕ್ಯಾಮೆರಾ ತಂದಿದ್ದರು. ಒಬ್ಬ ಯುವಕ ನನ್ನ ಹಳೆಯ ಗಾರ್ಡ್ ಕೋಟನ್ನು ಮುಟ್ಟಿ ನೋಡಿ, ಇದನ್ನು ಎಲ್ಲಿ ಬಾಡಿಗೆಗೆ ತಂದಿರಿ ಎಂದು ಕೇಳಿದ. ಬೋಗಿಗಳು ತುಂಬಿದವು. ಅಕ್ಕ ಮೊದಲನೆಯ ಬೋಗಿಯ ಕಿಟಕಿ ಹಿಡಿದು ಕುಳಿತಳು. ಕೆಂಪಿಯ ಮೂತಿಗೆ ಭಾವನ ಆಳೆತ್ತರದ ಫೋಟೋ ಕಟ್ಟಿ, ಗುಲಾಬಿ ಹಾರ ಹಾಕಿದ್ದರು.

ಮೇಡಂ ನಾಲ್ಕು ಮಾತಾಡಿದರು. ಕೊಟ್ರಪ್ಪನವರ ನಿಷ್ಠೆ ಎಂದಾಗ ಕೆಂಪಿಯ ಸ್ಪ್ರಿಂಗುಗಳು ನರಳಿದವು. ತ್ಯಾಗ ಎಂದಾಗ ಹಳಿಯ ಕೆಳಗಿನ ಜಲ್ಲಿ ಪುಡಿಯಾಗುವ ಸದ್ದು ಕೇಳಿತು. ನಮ್ಮೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಕ್ಕಳನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮೈಕನ್ನು ಷಡಕ್ಷರಪ್ಪನವರ ಕೈಗೆ ಕೊಟ್ಟರು. ಅವರು ಊರಿನವರೇ, ಅವರಿಗೆ ಎಲ್ಲ ಗೊತ್ತಿತ್ತು. ಎರಡೇ ಮಾತಲ್ಲಿ ಮುಗಿಸಬೇಕೆಂದು ಮನೆಯಿಂದ ನಿಶ್ಚಯ ಮಾಡಿಕೊಂಡೇ ಬಂದಿದ್ದರೆಂದು ಆಮೇಲೆ ಹೇಳಿದರು. ಆದರೆ ಮೈಕು ಕೈಗೆ ಬಂದ ಮೇಲೆ ಅವರು ಅವರಾಗಿ ಉಳಿಯುವುದಿಲ್ಲ. "ಕೊಟ್ರಪ್ಪ ಒಬ್ಬ ವ್ಯಕ್ತಿಯಲ್ಲ, ಒಂದು ಶಕ್ತಿ," ಎಂದರು. ಪ್ಲಾಟ್‌ಫಾರಂ ನಡುಗಿತು. "ಕೊಟ್ರಪ್ಪ ಒಂದು ಮಹಾಪರ್ವತ," ಎಂದರು. ಕೆಂಪಿ ಒಂದು ಗೇಣು ಕೆಳಗಿಳಿದಳು. ಗೌಸ್ ಕಿಟಕಿಯಿಂದ ತಲೆ ಹಾಕಿ, "ಸಾಹೇಬ್ರೇ, ಪರ್ವತ ಬೇಡ, ಹಳಿ ಬಾಗ್ತಾ ಇದೆ," ಎಂದು ಬೇಡಿಕೊಂಡ.

ನಾನು ಕಂಕುಳಿನಲ್ಲಿ ಬಾವುಟ ಇಟ್ಟುಕೊಂಡು ಹಿಂದಿನ ಡಬ್ಬಿಯ ಹತ್ತಿರ ನಿಂತಿದ್ದೆ. ಹಳಿ ಬಾಗುವುದು ಅಲ್ಲಿಂದಲೂ ಕಾಣುತ್ತಿತ್ತು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ, ನನ್ನ ಕಡೆಗೆ ನೋಡುತ್ತಿದ್ದಳು. ಕರೆಯಲಿಲ್ಲ, ಕೈ ಬೀಸಲಿಲ್ಲ. ಅವಳು ನೋಡುತ್ತಿದ್ದ ರೀತಿಯಲ್ಲೇ ಇಡೀ ಆಯುಷ್ಯ ಇನ್ನೊಬ್ಬ ನೋಡಿದ್ದ. ನಾನು ಶಿವನ ಹೆಸರು ಹೇಳಿಕೊಂಡು ಬೋಗಿಗಳನ್ನು ದಾಟಿ ಮುಂದಕ್ಕೆ ನಡೆದೆ, ಎಂಜಿನ್ನಿನ ಮೆಟ್ಟಿಲು ಹತ್ತಿದೆ. ಷಡಕ್ಷರಪ್ಪ ನನ್ನನ್ನು ಕಂಡು, ಬೆಂಕಿ ಮುಟ್ಟಿದವರಂತೆ ಮೈಕನ್ನು ನನ್ನ ಕೈಗೆ ಹಾಕಿದರು.

"ನನ್ನ ಭಾವ," ಎಂದು ಶುರುಮಾಡಿದೆ. ಊರಿನವರು ಉಸಿರು ಬಿಗಿಹಿಡಿದರು, ನಾನು ಮತ್ತೆ ದೇವರು ಎನ್ನುತ್ತೇನೆಂದು. "ನನ್ನ ಭಾವ ತನ್ನ ಮದುವೆಯ ದಿಬ್ಬಣವನ್ನು ತಾನೇ ಓಡಿಸಿಕೊಂಡು ಬಂದ. ಕೆಂಪಿಯನ್ನು ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಪೇಟ ಸುತ್ತಿಕೊಂಡು, ಜರಿಯ ಅಂಚಿನ ಪಂಚೆ ಉಟ್ಟು ಇದೇ ಸೀಟಿನಲ್ಲಿ ಕುಳಿತಿದ್ದ. ಹಿಂದಿನ ಡಬ್ಬಿಯಲ್ಲಿ ನಾನು. ಈ ಸ್ಟೇಷನ್ನಿನಲ್ಲಿ ಚಪ್ಪರ ಹಾಕಿ, ಓಲಗದವರನ್ನು ನಿಲ್ಲಿಸಿ, ನಮ್ಮ ಅತ್ತೆಯರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ರೈಲು ಬಂತು. ಬಂದದ್ದು ನಿಲ್ಲಲಿಲ್ಲ. ಚಪ್ಪರ ದಾಟಿತು, ಓಲಗ ದಾಟಿತು, ನಮ್ಮಪ್ಪ ಕೈಮುಗಿದು ನಿಂತಿದ್ದರು, ಅವರನ್ನೂ ದಾಟಿತು. ಗಂಡಿನ ಕಡೆಯವರೆಲ್ಲ ಕಿಟಕಿಯಿಂದ ನಮ್ಮವರಿಗೆ ನಮಸ್ಕಾರ ಮಾಡುತ್ತಾ ಕೆರೆ ಏರಿಯ ಆಚೆಗೆ ಹೊರಟುಹೋದರು."

ಮುದುಕರಲ್ಲಿ ಒಂದಿಬ್ಬರು ನಕ್ಕರು. ಇಷ್ಟು ಕಥೆ ಊರಿಗೆ ಗೊತ್ತಿದ್ದದ್ದೇ. ಕೆಂಪಿ ಅಲುಗಲಿಲ್ಲ.

"ಆಮೇಲೆ ಹಿಂದಕ್ಕೆ ಓಡಿಸಿಕೊಂಡು ಬಂದ. ಹಿಂದಕ್ಕೆ ಬರುವಾಗ ಮೊದಲು ಬರುವುದು ಗಾರ್ಡಿನ ಡಬ್ಬಿ ತಾನೆ. ಕಣ್ಣು ಮಂಜಾದ ನಮ್ಮ ದೊಡ್ಡತ್ತೆ ಡಬ್ಬಿಯಿಂದ ಇಳಿದವನೇ ಮದುಮಗ ಎಂದುಕೊಂಡು ನನ್ನ ಕಾಲು ತೊಳೆದು, ಆರತಿ ಎತ್ತಿ, ಗಲ್ಲಕ್ಕೆ ಅರಿಶಿನ ಹಚ್ಚಿಬಿಟ್ಟರು. 'ಅತ್ತೆ, ನಾನು ನಿಮ್ಮ ಮರುಳ' ಎಂದರೆ, 'ನಾಚಿಕೊಳ್ಳಬೇಡಿ ಅಳಿಯಂದಿರೇ' ಎಂದರು."

ಈಗ ನಗು ಬೋಗಿಗಳಿಗೂ ಹಬ್ಬಿತು. ಕೆಳಗೆ ಎಲ್ಲೋ ಒಂದು ಸ್ಪ್ರಿಂಗು ಟಣ್ಣೆಂದಿತು. ನನಗೆ ಮಾತ್ರ ನಗು ಬರಲಿಲ್ಲ. ಮುಂದೆ ಹೇಳಬೇಕಾದದ್ದು ನಮ್ಮಿಬ್ಬರ ನಡುವೆ ಮಾತ್ರ ಇದ್ದ ಮಾತು. ಅದನ್ನು ಕೊಟ್ಟುಬಿಟ್ಟರೆ ನನ್ನ ಹತ್ತಿರ ಅವನದೆನ್ನುವುದು ಬೇರೇನೂ ಉಳಿಯುವುದಿಲ್ಲ.

"ಬ್ರೇಕು ಹಿಡಿಯಲಿಲ್ಲ ಎಂದು ಅವನು ಸಾಯುವವರೆಗೂ ಹೇಳಿದ," ಎಂದೆ. "ಪಾಪ, ಈ ಕೆಂಪಿ ಇಷ್ಟು ವರ್ಷ ಆ ಅಪವಾದ ಹೊತ್ತಳು. ಬ್ರೇಕು ಚೆನ್ನಾಗಿಯೇ ಇತ್ತು. ಭಾವನಿಗೆ ಕನ್ನಡಕವಿತ್ತು. ಹೆಣ್ಣಿನವರಿಗೆ ಗೊತ್ತಾಗಬಾರದೆಂದು ಹಿಂದಿನ ಸ್ಟೇಷನ್ನಿನಲ್ಲೇ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಹಳದಿ ಚಪ್ಪರವನ್ನು ನೋಡಿ ಯಾರದೋ ಹುಚ್ಚೆಳ್ಳಿನ ಹೊಲ ಹೂ ಬಿಟ್ಟಿದೆ ಎಂದುಕೊಂಡನಂತೆ. 'ನಿಮ್ಮಕ್ಕನಿಗೆ ಹೇಳಬೇಡ' ಎಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡ. ಮದುವೆಯಾದ ಮೇಲೆ ನಮ್ಮ ಪಕ್ಕದಲ್ಲೇ ಮನೆ ಮಾಡಿದ. ಎಂಜಿನ್ನಿನಲ್ಲಿ ಕನ್ನಡಕ, ಮನೆಯಲ್ಲಿ ಬರಿಗಣ್ಣು. ನಮ್ಮಮ್ಮನ ಮಡಿಸಿಟ್ಟ ಕಂಬಳಿಗೆ ದಿನವೂ ಬೆಳಿಗ್ಗೆ 'ಚೆನ್ನಾಗಿದ್ದೀರಾ ಅತ್ತೆ' ಎಂದು ಕೇಳುತ್ತಿದ್ದ. ಎಷ್ಟೋ ವರ್ಷದ ಮೇಲೆ, ಕಣ್ಣಿಗೆ ಧೂಳು ಬಿದ್ದು ದೃಷ್ಟಿ ಮಂದವಾಯಿತು ಎಂದು ಊರಿಗೆಲ್ಲ ಸಾರಿ, ಅದೇ ಹಳೆಯ ಕನ್ನಡಕವನ್ನು ಹೊಸದೆಂದು ಹಾಕಿಕೊಂಡ."

ಜನ ಹೊಟ್ಟೆ ಹಿಡಿದುಕೊಂಡಿದ್ದರು. ನಾನು ಅಕ್ಕನ ಕಿಟಕಿಯ ಕಡೆ ನೋಡಿದೆ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅದು ನನಗೆ ಮದುವೆ ದಿನವೇ ಗೊತ್ತಿತ್ತು ಕಣೋ," ಎಂದು ಅಲ್ಲಿಂದಲೇ ಹೇಳಿದಳು. "ಮೂಗಿನ ಎರಡೂ ಕಡೆ ಕನ್ನಡಕ ಕೂತ ಗುರುತು ಕೆಂಪಗೆ ಇತ್ತು. ಅಕ್ಷತೆಯನ್ನ ನನ್ನ ಬಿಟ್ಟು ಪಕ್ಕದಲ್ಲಿದ್ದ ಚಿಕ್ಕಮ್ಮನ ತಲೆ ಮೇಲೆ ಹಾಕಿದರು."

"ಮತ್ತೆ ಯಾಕೆ ಯಾವತ್ತೂ ಹೇಳಲಿಲ್ಲ?"

"ಅವರು ಬಚ್ಚಿಡೋದನ್ನ ನೋಡೋಕೆ ಚೆನ್ನಾಗಿರ್ತಿತ್ತು," ಅಂದಳು.

ಆಗ ನನಗೆ ನಗು ಬಂತು. ಅಷ್ಟು ವರ್ಷ ಆಣೆ ಕಾಪಾಡಿದ ನಾನು, ಅಷ್ಟು ವರ್ಷ ಕಂಬಳಿಗೆ ಕುಶಲ ಕೇಳಿದ ಅವನು, ಎಲ್ಲ ತಿಳಿದೂ ಸುಮ್ಮನೆ ರೊಟ್ಟಿ ತಟ್ಟುತ್ತಿದ್ದ ಅವಳು. ಮೈಕಿನಲ್ಲಿ ನನ್ನ ನಗು ಊರಿಗೆಲ್ಲ ಕೇಳಿತು. ನಗು ಯಾವಾಗ ಅಳುವಾಯಿತು, ಅಳು ಯಾವಾಗ ಮತ್ತೆ ನಗುವಾಯಿತು, ನನಗೆ ತಿಳಿಯದು. ಪಾದದ ಕೆಳಗೆ ಕೆಂಪಿ ಮೆಲ್ಲಗೆ ಮೇಲೇಳುತ್ತಿದ್ದಳು, ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೆಂಗಸಿನ ಹಾಗೆ. ಚಕ್ರಗಳು ತಾವಾಗಿ ಅರ್ಧ ಸುತ್ತು ತಿರುಗಿದವು. "ತಡೀರಿ, ತಡೀರಿ, ನಾನಿನ್ನೂ ಬಿಟ್ಟಿಲ್ಲ," ಎಂದು ಗೌಸ್ ಬ್ರೇಕು ಹಿಡಿದುಕೊಂಡ. ಪ್ಲಾಟ್‌ಫಾರಮ್ಮಿನ ಆಚೆ ತುದಿಯಲ್ಲಿ, ಒಬ್ಬರೇ ಕುಳಿತಿದ್ದ ಯಾರೋ ಪ್ರವಾಸಿಯನ್ನು ನಮ್ಮ ಬೆಂಚು ಮೆತ್ತಗೆ ನೆಲಕ್ಕೆ ಇಳಿಸಿತು. ನಾನು ಅದನ್ನು ಕಂಡೆ. ಕಂಡು, ಕಣ್ಣು ಒರೆಸಿಕೊಂಡು ಮೆಟ್ಟಿಲಿಳಿದೆ.

ಮೇಡಂ ದಿಗ್ಭ್ರಮೆಯಿಂದ ನನ್ನನ್ನೇ ನೋಡುತ್ತಿದ್ದರು. "ಯಜಮಾನ್ರೇ, ಸತ್ತವರನ್ನು ಹೀಗೆ..." ಎಂದರು.

"ಗೌರವ ಸಂದಿತು ಮೇಡಂ," ಎಂದೆ. "ಇನ್ನು ನೀವು ಹತ್ತಿ. ಹೊತ್ತಾಯಿತು."

ಹಿಂದಿನ ಡಬ್ಬಿಯವರೆಗೆ ನಡೆದು ಹೋಗುವಾಗ ಮೊದಲನೆಯ ಬೋಗಿಯ ಕಿಟಕಿಯಲ್ಲಿ ಅಕ್ಕ ಕೈ ಚಾಚಿ ನನ್ನ ಭುಜ ಮುಟ್ಟಿದಳು. ನಾನು ಡಬ್ಬಿ ಹತ್ತಿ, ಸೀಟಿ ಊದಿ, ಬಾವುಟ ಬಿಚ್ಚಿದೆ. ಬಹಳ ದಿನ ಮಡಿಸಿಟ್ಟದ್ದರಿಂದ ಮಡಿಕೆಯ ಗೆರೆಗಳು ಹಾಗೇ ಇದ್ದವು. ಮುಂದೆ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು, ಗೌಸನದು. ನಾನು ಬಾವುಟ ಎತ್ತಿದ್ದು ಅವನೊಬ್ಬನಿಗೇ ಅಲ್ಲ. ಕೈ ನೋಯುವವರೆಗೆ ಬೀಸಿದೆ. ಕೆಂಪಿ ಕೂಗಿದಳು. ರೈಲು ಹೊರಟಿತು. ಊರು ನಿಧಾನವಾಗಿ ಹಿಂದೆ ಸರಿಯಿತು, ಡಬ್ಬಿಯಲ್ಲಿ ನಾನೊಬ್ಬನೇ ಉಳಿದೆ.

ಶಿವನೇ, ನಿನ್ನ ಕಡೆಗೆ ನಮ್ಮ ಕೊಟ್ರಪ್ಪ ಬರುತ್ತಿದ್ದಾನೆ. ಹೊರಡುವುದು ತಡವಾದದ್ದು ಅವನಿಂದಲ್ಲ, ನನ್ನಿಂದ. ಅದಕ್ಕಾಗಿ ಅವನನ್ನು ಕೇಳಬೇಡ. ಅವನಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ನಿನ್ನ ಬೆಳಕನ್ನು ಹೂ ಬಿಟ್ಟ ಹೊಲವೆಂದುಕೊಂಡು ಬಾಗಿಲು ದಾಟಿ ಹೋದರೆ ಬೇಸರಪಡಬೇಡ, ಹೆಸರು ಹಿಡಿದು ಕರೆ, ಹಿಂದಕ್ಕೆ ಬರುತ್ತಾನೆ. ಬಂದಾಗ ಅವನ ಕಾಲಿಗೆ ನೀರು ಕೊಡು. ದಣಿದಿದ್ದಾನೆ, ನಿನ್ನ ಪಾದದ ನೆರಳಿನಲ್ಲಿ ಅವನಿಗೆ ಕೂರಲು ಜಾಗ ಮಾಡಿಕೊಡು. ಅವನ ಮೇಲೆ ಇನ್ನು ಯಾವ ಭಾರವೂ ಇಲ್ಲದಿರಲಿ. ಅವನ ಜೀವ ತಣ್ಣಗಿರಲಿ ತಂದೆ.